ಭದ್ರೆಯ ತಳಕ್ಕೆ ಇಳಿಯುವ ಮುನ್ನ

ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಊಟ ಮುಗಿಸಿ ಎಲ್ಲರೂ ಮೊಬೈಲ್ ಹಿಡಿದು ಕೂತಿದ್ದೆವು. ರೂಮ್‌ಮೇಟ್ ಒಂದು ವಿಡಿಯೊ ತೋರಿಸಿದ. ಚೀನಾದ ಒಂದು ದೊಡ್ಡ ಸರೋವರದ ತಳದಲ್ಲಿ ಶಿಚೆಂಗ್ ಎಂಬ ಹಳೆಯ ಪಟ್ಟಣವಿದೆ. 1959ರಲ್ಲಿ ಜಲವಿದ್ಯುತ್ ಅಣೆಕಟ್ಟೆಗಾಗಿ ಅದನ್ನು ಮುಳುಗಿಸಿದರು. 2001ರಲ್ಲಿ ಡೈವರ್‌ಗಳು ಇಳಿದು ನೋಡಿದರೆ ಕಲ್ಲಿನ ಕಮಾನು, ಕೆತ್ತನೆ, ಮರದ ತೊಲೆಗಳೂ ಉಳಿದಿದ್ದವು. ಟಾರ್ಚ್ ಬೆಳಕಿನಲ್ಲಿ ಕಲ್ಲಿನ ಸಿಂಹವೊಂದು ಕಣ್ಣೆದುರು ಬರುವ ದೃಶ್ಯ ನೋಡಿ ನಮಗೆಲ್ಲ ರೋಮಾಂಚನ.

ಆಗ ರೂಮ್‌ಮೇಟ್ ಕೇಳಿದ: 'ನಿಮ್ಮ ಲಕ್ಕವಳ್ಳಿ ಡ್ಯಾಮಿನೊಳಗೂ ಊರುಗಳು ಮುಳುಗಿವೆ ಅಂತಿದ್ದೆಯಲ್ಲ, ಅಲ್ಲೂ ಹೀಗೆ ಮಾಡಬಹುದಲ್ವಾ?'

ನಾನು ಅಜ್ಜಂಪುರದವನು, ಶಿವಮೊಗ್ಗದಲ್ಲಿ ಬಿ.ಇ. ಸಿವಿಲ್ ಓದುತ್ತಿದ್ದೇನೆ. ಅಮ್ಮನ ತಾಯಿ ಇರುವುದು ತರೀಕೆರೆ ಸೀಮೆಯ ಹಳ್ಳಿಯಲ್ಲಿ. ಅಜ್ಜಿಯ ತವರು ಇರುವುದು ಭದ್ರಾ ಜಲಾಶಯದ ಅಡಿಯಲ್ಲಿ. ಹಾಗಾಗಿ ಅವನ ಪ್ರಶ್ನೆ ನನಗೆ ಸರಿಯಾಗಿಯೇ ನಾಟಿತು. ಆ ವಾರವೇ ಕಾಲೇಜಿನ ಐಡಿಯಾ ಸ್ಪರ್ಧೆಗೆ ಹೆಸರು ಕೊಟ್ಟೆವು. ವಿಷಯ: 'ಭದ್ರಾ ಜಲಾಶಯದ ಮುಳುಗಿದ ಊರುಗಳಲ್ಲಿ ಸ್ಕೂಬಾ ಪ್ರವಾಸೋದ್ಯಮ'. ಒಂದು ತಿಂಗಳು ಇದರ ಹಿಂದೆ ಬಿದ್ದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ಮೊದಲು ಒಂದು ಮಾತು. ಇದು ನಮ್ಮಿಬ್ಬರಿಗೆ ಮಾತ್ರ ಬಂದ ಹುಚ್ಚಲ್ಲ. ನೀರಿನಡಿಯ ಪಳೆಯುಳಿಕೆ ಎಂಬುದು ಈಗ ದೇಶದಲ್ಲಿ ಚರ್ಚೆಯ ವಿಷಯ. 2024ರ ಫೆಬ್ರುವರಿಯಲ್ಲಿ ಪ್ರಧಾನಿ ದ್ವಾರಕೆಯ ಸಮುದ್ರದಲ್ಲಿ ಮುಳುಗಿ ಪೂಜೆ ಸಲ್ಲಿಸಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಮರುವರ್ಷ ಅದೇ ತಿಂಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ನೀರಿನಡಿಯ ಸಂಶೋಧನಾ ತಂಡ ಅಲ್ಲಿ ಮತ್ತೆ ಕೆಲಸ ಶುರು ಮಾಡಿತು. ದ್ವಾರಕೆಯ ಸಮುದ್ರದ ತಳದಲ್ಲಿ 1980ರ ದಶಕದಲ್ಲಿ ಶೋಧ ನಡೆಸಿದ್ದು ನಮ್ಮವರೇ ಆದ ಎಸ್.ಆರ್. ರಾವ್. ಪೂರ್ತಿ ಹೆಸರು ಶಿಕಾರಿಪುರ ರಂಗನಾಥ ರಾವ್. ಲೋಥಲ್ ಉತ್ಖನನ ಮಾಡಿದವರೂ ಅವರೇ. ನಮ್ಮ ಪಕ್ಕದ ಜಿಲ್ಲೆಯ ಊರಿನ ಹೆಸರು ಹೊತ್ತವರೊಬ್ಬರು ದೇಶದ ಸಾಗರ ಪುರಾತತ್ವಕ್ಕೆ ಬುನಾದಿ ಹಾಕಿದ್ದು ನನಗೆ ಈ ಓದಿನಿಂದಲೇ ತಿಳಿಯಿತು.

ಇನ್ನು ಸ್ಕೂಬಾ ಅಂದರೆ ಕರ್ನಾಟಕದಲ್ಲಿ ನೆನಪಾಗುವುದು ಮುರ್ಡೇಶ್ವರದ ನೇತ್ರಾಣಿ ದ್ವೀಪ. ಕಳೆದ ಡಿಸೆಂಬರಿನಲ್ಲಿ ನಾನೂ ಹೋಗಿ ಒಮ್ಮೆ ಮುಳುಗಿ ಬಂದೆ. ತರಬೇತುದಾರರು ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡೇ ಇದ್ದರು. ಆದರೂ ಮೀನಿನ ಹಿಂಡು ಮುಖದ ಮುಂದೆ ಹಾದುಹೋದಾಗ ಆದ ಖುಷಿಯನ್ನು ಮರೆಯಲಾರೆ. ಅಲ್ಲಿ ಆಗುವುದು ಇಲ್ಲಿ ಯಾಕಾಗಬಾರದು ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು.

ಆದರೆ ನೇತ್ರಾಣಿಯೇ ಬೇರೆ, ಲಕ್ಕವಳ್ಳಿಯೇ ಬೇರೆ. ಭದ್ರಾ ಅಣೆಕಟ್ಟೆಯ ಕಾಮಗಾರಿ ಶುರುವಾಗಿದ್ದು 1947ರಲ್ಲಿ, ಮುಗಿದಿದ್ದು 1965ರಲ್ಲಿ. ತುಂಬಿದಾಗ ನೀರಿನ ಮಟ್ಟ 186 ಅಡಿ, ಸಂಗ್ರಹ 71.5 ಟಿಎಂಸಿ. ಹಿನ್ನೀರು ತರೀಕೆರೆ ತಾಲ್ಲೂಕಿನಿಂದ ನರಸಿಂಹರಾಜಪುರದವರೆಗೆ ಹರಡಿದೆ. 186 ಅಡಿ ಅಂದರೆ ಸುಮಾರು 56 ಮೀಟರ್. ನೀರಿನಲ್ಲಿ ಪ್ರತಿ 10 ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಅಣೆಕಟ್ಟೆಯ ಬುಡದಲ್ಲಿ ಮೈಮೇಲೆ ಬೀಳುವ ಒತ್ತಡ ದಡದಲ್ಲಿರುವುದಕ್ಕಿಂತ ಆರು ಪಟ್ಟಿಗೂ ಹೆಚ್ಚು. ಹವ್ಯಾಸಿ ಡೈವರ್‌ಗೆ ಮೊದಲ ಪ್ರಮಾಣಪತ್ರದಲ್ಲಿ ಇಳಿಯಲು ಅನುಮತಿ ಇರುವುದು 18 ಮೀಟರ್. ಎಷ್ಟು ತರಬೇತಿ ಪಡೆದರೂ ಹವ್ಯಾಸಿಗಳ ಮಿತಿ 40 ಮೀಟರ್. ಅಂದರೆ ನದಿಪಾತ್ರಕ್ಕೆ ಹತ್ತಿರವಿದ್ದ ಜಾಗಗಳಿಗೆ ಜಲಾಶಯ ತುಂಬಿದಾಗ ಪ್ರವಾಸಿಗರು ಇಳಿಯುವ ಮಾತೇ ಇಲ್ಲ. ಉಳಿಯುವುದು ಹಿನ್ನೀರಿನ ಅಂಚು ಮಾತ್ರ. ಅದು ಬೇಸಿಗೆಯಲ್ಲಿ ತಾನಾಗಿಯೇ ಬಯಲಾಗುತ್ತದೆ, ಅದನ್ನು ನೋಡಲು ಸಿಲಿಂಡರ್ ಬೇಕಿಲ್ಲ, ಚಪ್ಪಲಿ ಸಾಕು.

ಎರಡನೆಯದು ಎತ್ತರ. ಇದು ನನಗೆ ಹೊಳೆದೇ ಇರಲಿಲ್ಲ. ತುಂಬಿದ ಭದ್ರಾ ಜಲಾಶಯದ ನೀರು ಸಮುದ್ರಮಟ್ಟದಿಂದ 2,158 ಅಡಿ, ಸುಮಾರು 657 ಮೀಟರ್ ಮೇಲಿದೆ. 300 ಮೀಟರಿಗಿಂತ ಎತ್ತರದ ಸರೋವರದಲ್ಲಿ ಡೈವ್ ಮಾಡುವವರು ಸಮುದ್ರದ ಲೆಕ್ಕವನ್ನು ಹಾಗೆಯೇ ಬಳಸುವಂತಿಲ್ಲ. ನೀರಿನಡಿಯಲ್ಲಿ ಉಸಿರಾಡುವಾಗ ನೈಟ್ರೋಜನ್ ರಕ್ತ ಮತ್ತು ಮಾಂಸಖಂಡಗಳಲ್ಲಿ ಕರಗುತ್ತದೆ. ಮೇಲೆ ಬಂದಾಗ ಒತ್ತಡ ಕಡಿಮೆಯಾಗಿ ಅದು ಹೊರಬರಬೇಕು. ಬೇಗ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಮೈಯೊಳಗೇ ಗುಳ್ಳೆಗಳೇಳುತ್ತವೆ. ಮೇಲಿನ ಗಾಳಿಯ ಒತ್ತಡವೇ ಕಡಿಮೆ ಇರುವ ಕಡೆ ಈ ಅಪಾಯ ಹೆಚ್ಚು. ಈಗ ನಮ್ಮ ಕಡೆಗೆ ಬರುವ ಪ್ರವಾಸಿಗರ ದಿನಚರಿ ನೆನಪಿಸಿಕೊಳ್ಳಿ. ಬೆಳಿಗ್ಗೆ ಲಕ್ಕವಳ್ಳಿ, ಮಧ್ಯಾಹ್ನ ಕಲ್ಲತ್ತಿಗಿರಿ, ಸಂಜೆ ಕೆಮ್ಮಣ್ಣುಗುಂಡಿ. ಕೆಮ್ಮಣ್ಣುಗುಂಡಿ 1,400 ಮೀಟರಿಗೂ ಎತ್ತರದಲ್ಲಿದೆ. ಡೈವ್ ಮಾಡಿದ ದಿನವೇ ಘಾಟಿ ಹತ್ತಿದರೆ ಗುಳ್ಳೆಗಳಿಗೆ ಇನ್ನಷ್ಟು ದಾರಿ ಮಾಡಿಕೊಟ್ಟಂತೆ. ಅದಕ್ಕೆ ಬೇಕಾದ ಒತ್ತಡ ಕೊಠಡಿಯ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ.

ಮೂರನೆಯದು ನೀರಿನ ಗುಣ. ಕಾಡು, ತೋಟ, ಗದ್ದೆಗಳ ಮೇಲೆ ಹರಿದು ಬರುವ ಮಳೆಗಾಲದ ನೀರು ಮಣ್ಣು ಹೊತ್ತು ತರುತ್ತದೆ. ತಳದಲ್ಲಿ ಕೂತ ಹೂಳನ್ನು ಒಮ್ಮೆ ಕಾಲಿನ ರೆಕ್ಕೆಯಿಂದ ಒದ್ದರೆ ಸಾಕು, ಕೈಯಲ್ಲಿರುವ ಗಡಿಯಾರವೂ ಕಾಣುವುದಿಲ್ಲ. ಮುಳುಗಿದ ಕಾಡಿನ ಬೊಡ್ಡೆಗಳು, ಅವಕ್ಕೆ ಸಿಕ್ಕಿ ಹರಿದ ಮೀನಿನ ಬಲೆಗಳು ಬೇರೆ. ಜೊತೆಗೆ ಜಲಾಶಯ ಅಂದರೆ ಸುಮ್ಮನೆ ನಿಂತ ನೀರಲ್ಲ. ನಾಲೆಗೆ, ವಿದ್ಯುತ್ ಘಟಕಕ್ಕೆ ನೀರು ಎಳೆದುಕೊಳ್ಳುವ ಬಾಯಿಗಳಿವೆ. ಅದರ ಹತ್ತಿರ ಹೋದವನನ್ನು ನೀರು ಗೋಡೆಗೆ ಅಂಟಿಸಿಬಿಟ್ಟರೆ ಬಿಡಿಸಿಕೊಳ್ಳಲು ಯಾರ ರಟ್ಟೆಗೂ ಶಕ್ತಿ ಸಾಲದು.

ಇದು ಉತ್ಪ್ರೇಕ್ಷೆ ಅನಿಸಿದರೆ ಶಿರೂರನ್ನು ನೆನಪಿಸಿಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ಬಳಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿಗೆ ಬಿತ್ತು. ನೌಕಾಪಡೆಯ ಡೈವರ್‌ಗಳು ಬಂದರು, ಮಲ್ಪೆಯ ಈಶ್ವರ್ ಅವರ ತಂಡ ಬಂತು. ಆದರೆ ಸೆಳವು ಮತ್ತು ಕೆಸರಿನ ಮುಂದೆ ಅಷ್ಟು ನುರಿತವರೂ ಕಾಯಬೇಕಾಯಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ, ಹೂಳೆತ್ತುವ ಯಂತ್ರ ತಂದ ಮೇಲೆ. ಒಳನಾಡಿನ ನೀರು ಎಷ್ಟು ಕಠಿಣ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೆ?

ನಾಲ್ಕನೆಯದು ಕಾಡು. ಹಿನ್ನೀರಿನ ಒಂದು ದಡ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ನೀರಿನಲ್ಲಿ ಮೊಸಳೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆಗಳು ತೆರೆದುಕೊಳ್ಳುತ್ತವೆ, ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಗುಂಪುಗುಂಪಾಗಿ ಬಂದು ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಲಕ್ಕವಳ್ಳಿಯ ಸರ್ಕಾರಿ ರೆಸಾರ್ಟಿಗೂ ಆ ಹಕ್ಕಿಯದೇ ಹೆಸರು. ಮುಳುಗಿದ ಊರುಗಳು ಕೈಗೆಟುಕುವ ತಿಂಗಳುಗಳೂ ಹಕ್ಕಿ ಮರಿ ಮಾಡುವ ತಿಂಗಳುಗಳೂ ಒಂದೇ. ದೋಣಿ, ಕಂಪ್ರೆಸರ್ ಸದ್ದು, ಜನ ಎಲ್ಲ ಆಗಲೇ ಬಂದರೆ ಹಕ್ಕಿ ಎಲ್ಲಿಗೆ ಹೋಗಬೇಕು?

ಇಷ್ಟೆಲ್ಲ ಬರೆದುಕೊಂಡು ಅಜ್ಜಿಯ ಮನೆಗೆ ಹೋದೆ. ಅಪಾಯಗಳಿಗೆಲ್ಲ ಏನಾದರೂ ಪರಿಹಾರ ಹುಡುಕಬಹುದು, ನಾವು ಎಂಜಿನಿಯರಿಂಗ್ ಓದುವುದೇ ಅದಕ್ಕೆ ಎಂಬ ಹುಮ್ಮಸ್ಸು ಇನ್ನೂ ಇತ್ತು. ಅಜ್ಜಿಗೆ ಈಗ 78. ಚೀನಾದ ವಿಡಿಯೊ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು.

'ನಿನ್ನ ತವರಿಗೂ ಹೀಗೇ ಇಳಿದು ನೋಡಬಹುದು ಅಜ್ಜಿ. ಹಾಳೂರು ನೋಡೋಕೆ ಜನ ದುಡ್ಡು ಕೊಟ್ಟು ಬರ್ತಾರೆ' ಅಂದೆ.

'ಹಾಳೂರು ಅಂತ ಯಾಕೋ ಅಂತೀಯ ಮಗಾ?' ಅಂದರು. 'ಪ್ಲೇಗು ಬಂದೋ, ಬರ ಬಂದೋ ಜನ ಬಿಟ್ಟು ಹೋದರೆ ಅದು ಹಾಳೂರು. ನಮ್ಮೂರು ಹಾಳಾಗಿರಲಿಲ್ಲ. ನಾವು ಗಾಡಿ ಕಟ್ಟೋ ದಿನವೂ ಒಲೆ ಉರೀತಿತ್ತು.'

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಸ್ಪರ್ಧೆಯ ಅರ್ಜಿಯಲ್ಲಿ 'ಅವಶೇಷ' ಎಂಬ ಪದ ಹನ್ನೊಂದು ಸಲ ಬಂದಿತ್ತು. ಆಮೇಲೆ ಎಣಿಸಿದೆ. 'ಜನ' ಎಂಬ ಪದ ಬಂದಿದ್ದು ಎರಡೇ ಸಲ, ಎರಡೂ ಸಲ ಪ್ರವಾಸಿಗರ ವಿಷಯವಾಗಿ.

ಅವತ್ತು ಸಂಜೆ ಅಜ್ಜಿ ಮಾತಾಡುತ್ತಲೇ ಹೋದರು. ಹೊಳೆ ದಾಟುವ ಹರಿಗೋಲು, ಯಾರ ಮನೆ ಪಕ್ಕ ಯಾರ ಮನೆ, ಊರ ಮುಂದಿನ ಅರಳಿಕಟ್ಟೆ, ಕೊನೆಯ ಸುಗ್ಗಿಯಲ್ಲಿ ಬೆಳೆದ ಭತ್ತ. ಗುಡಿಯಲ್ಲಿದ್ದ ದೇವರನ್ನು ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಬಂದರಂತೆ, ಗುಡಿ ಮಾತ್ರ ಅಲ್ಲೇ ಉಳಿಯಿತಂತೆ. ಅಮ್ಮನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. 'ಇದನ್ನೆಲ್ಲ ನನಗೂ ಹೇಳಿರಲಿಲ್ಲವಲ್ಲವ್ವ' ಅಂದಳು. 'ನೀವ್ಯಾರೂ ಕೇಳಲಿಲ್ಲ' ಅಂದರು ಅಜ್ಜಿ.

ನನ್ನ ವಾದ ಇಷ್ಟೇ: ಮುಳುಗಿದ ಊರುಗಳ ವಿಷಯದಲ್ಲಿ ನಾವು ಕೆಲಸದ ಕ್ರಮವನ್ನು ತಲೆಕೆಳಗು ಮಾಡುತ್ತಿದ್ದೇವೆ. ಡೈವಿಂಗ್ ಕೊನೆಯಲ್ಲಿ ಬರಬೇಕಾದದ್ದು. ಮೊದಲು ಕೇಳಬೇಕು, ಆಮೇಲೆ ಅಳೆಯಬೇಕು, ಆಮೇಲೆ ಬೇಕಿದ್ದರೆ ಇಳಿಯಬೇಕು. ಕೇಳುವ ಕೆಲಸಕ್ಕೆ ಮಾತ್ರ ಅವಧಿ ಇದೆ. ಜಲಾಶಯದಲ್ಲಿ ಕಲ್ಲು ಇನ್ನೂ ನೂರು ವರ್ಷ ಇರುತ್ತದೆ. ಆ ಊರುಗಳಲ್ಲಿ ಬುದ್ಧಿ ತಿಳಿಯುವಷ್ಟು ದೊಡ್ಡವರಾಗಿದ್ದವರಿಗೆ ಈಗ ಎಪ್ಪತ್ತೈದು, ಎಂಬತ್ತು ದಾಟಿದೆ. ಇನ್ನು ಹತ್ತು ವರ್ಷ ತಡೆದರೆ ಕೇಳಲು ಯಾರೂ ಸಿಗುವುದಿಲ್ಲ. ಆಗ ಅಜ್ಜಿ ಬೇಡವೆಂದ ಮಾತೇ ನಿಜವಾಗುತ್ತದೆ, ಅದು ಬರೀ ಹಾಳೂರು ಆಗುತ್ತದೆ.

ಕಾನೂನು ಕಾಪಾಡುತ್ತದೆ ಎಂದು ಕೂರುವಂತಿಲ್ಲ. ನೀರಿನಡಿಯ ಸಾಂಸ್ಕೃತಿಕ ಪರಂಪರೆಯ ರಕ್ಷಣೆಗೆ ಯುನೆಸ್ಕೊ 2001ರಲ್ಲಿ ಒಪ್ಪಂದವೊಂದನ್ನು ರೂಪಿಸಿತು. ಅದರ ಪ್ರಕಾರ ಕನಿಷ್ಠ ನೂರು ವರ್ಷ ನೀರಿನಡಿ ಇದ್ದುದಕ್ಕೆ ಮಾತ್ರ ರಕ್ಷಣೆ. ಕೆರೆ, ಜಲಾಶಯಗಳಿಗೂ ಅದರ ನಿಯಮ ಬೇಕೆಂದರೆ ಒಪ್ಪಂದ ಸೇರಿದ ದೇಶ ಪ್ರತ್ಯೇಕವಾಗಿ ಘೋಷಿಸಿಕೊಳ್ಳಬೇಕು. ಭದ್ರೆಯ ಊರುಗಳಿಗೆ ನೂರು ತುಂಬುವ ಹೊತ್ತಿಗೆ ನನಗೇ ಅರವತ್ತಾಗಿರುತ್ತದೆ.

ನಮ್ಮ ರಾಜ್ಯದಲ್ಲೇ ಬೇರೆ ಬೇರೆ ಉದಾಹರಣೆಗಳಿವೆ. ಕೆಆರ್‌ಎಸ್ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲುಕಲ್ಲಾಗಿ ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಿದರು. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟೆ 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಮುಳುಗಿತು. ಬೇಸಿಗೆಯಲ್ಲಿ ಶರಾವತಿ ಇಳಿದಾಗ ಈಗಲೂ ಎದ್ದು ಕಾಣುತ್ತದೆ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಪ್ರತಿ ಮಳೆಗಾಲ ಅರ್ಧ ಮುಳುಗುತ್ತದೆ. ಈ ಮೂರರ ಫೋಟೊ ನೀವೂ ನೋಡಿರುತ್ತೀರಿ. ಆದರೆ ಶೆಟ್ಟಿಹಳ್ಳಿಯಲ್ಲಿದ್ದವರು ಈಗ ಎಲ್ಲಿದ್ದಾರೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಶರಾವತಿ ಮುಳುಗಡೆ ಸಂತ್ರಸ್ತರು ಹಕ್ಕುಪತ್ರಕ್ಕಾಗಿ ಇಂದಿಗೂ ಹೋರಾಡುತ್ತಿದ್ದಾರೆ. ಕಲ್ಲಿನ ಫೋಟೊ ವೈರಲ್ ಆಗುತ್ತದೆ, ಪಹಣಿಯ ಫೋಟೊ ಆಗುವುದಿಲ್ಲ.

ನಮ್ಮ ಮೂರು ತಾಲ್ಲೂಕುಗಳಿಗೆ ಇದರಲ್ಲಿ ವಿಶೇಷ ಜವಾಬ್ದಾರಿ ಇದೆ. ಕಡೂರಿನಲ್ಲಿ ಬರ ಬಂದರೆ ಕೆರೆಯ ತಳ ಬಿರುಕು ಬಿಡುವುದನ್ನು ನೋಡಿ ಬೆಳೆದವರು ನಾವು. 2023ರ ಬರದಲ್ಲೂ ನೋಡಿದೆವು. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಲಕ್ಕವಳ್ಳಿಯ ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿಯ ಸುಮಾರು 7 ಕಿ.ಮೀ. ಸುರಂಗದ ಮೂಲಕ ಬಯಲುಸೀಮೆಗೆ ಹರಿಸುತ್ತಿದ್ದಾರೆ. 2022ರಲ್ಲಿ ಚಿತ್ರದುರ್ಗದ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ ಕೋಡಿ ಬಿದ್ದಾಗ, ಒಳ್ಳೆಯ ಮಳೆಯ ಜೊತೆ ಅಲ್ಲಿಗೆ ಹರಿಸಿದ್ದ ಭದ್ರೆಯ ನೀರೂ ಸೇರಿತ್ತು. ದಾವಣಗೆರೆಯ ಭತ್ತ, ನಮ್ಮ ತೋಟದ ಅಡಿಕೆ, ಚಿತ್ರದುರ್ಗದ ಕುಡಿಯುವ ನೀರು ಎಲ್ಲಕ್ಕೂ ಆ ಊರುಗಳ ಮೇಲೆ ನಿಂತ ನೀರೇ ಬೇಕು. ನೀರಿಗಾಗಿ ಜಿಲ್ಲೆ ಜಿಲ್ಲೆಗಳು ಜಗಳವಾಡುತ್ತವೆ. ನೀರಿಗಾಗಿ ಮನೆ ಬಿಟ್ಟವರ ಹೆಸರು ಆ ಜಗಳದಲ್ಲಿ ಕೇಳಿಸುವುದೇ ಇಲ್ಲ.

ಹಾಗಂತ ಸ್ಕೂಬಾ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಡ ಎನ್ನುವುದು ಸುಲಭ. ಕಡೂರು, ಬೀರೂರು, ಅಜ್ಜಂಪುರದ ನನ್ನ ಓರಗೆಯವರು ಬೆಂಗಳೂರಿನ ರೈಲು ಹತ್ತುವುದು ಇಲ್ಲಿ ಕೆಲಸವಿಲ್ಲದ್ದಕ್ಕೆ. ಪ್ರವಾಸೋದ್ಯಮ ಬರಲಿ. ಆದರೆ ಪ್ರವಾಸಿಗರನ್ನು ಕರೆತರಲು ಮೊದಲು ಇರುವುದನ್ನು ತೋರಿಸೋಣ. 1196ರಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರ ದೇವಾಲಯ ತರೀಕೆರೆಯ ಪಕ್ಕದಲ್ಲೇ ಇದೆ. ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಅಯ್ಯನಕೆರೆ ಇದೆ. ನೀರಿನ ಮೇಲಿರುವ ಹೊಯ್ಸಳರ ಕಾಲದ ಕೆಲಸವನ್ನೇ ಸರಿಯಾಗಿ ನೋಡದ ನಾವು ನೀರಿನಡಿಗೆ ಟಿಕೆಟ್ ಹರಿಯಲು ಹೊರಟಿದ್ದೇವೆ.

ಇನ್ನು ಅಳೆಯುವ ಕೆಲಸ. ಇದು ನಮ್ಮಂಥ ವಿದ್ಯಾರ್ಥಿಗಳು ಕೈಜೋಡಿಸಬಹುದಾದ ಜಾಗ. ಜಲಾಶಯದಲ್ಲಿ ಎಷ್ಟು ಹೂಳು ತುಂಬಿದೆ ಎಂದು ತಿಳಿಯಲು ದೋಣಿಯಿಂದ ಶಬ್ದದ ಅಲೆ ಕಳಿಸಿ ಆಳ ಅಳೆಯುವ ವಿಧಾನ ಬಳಕೆಯಲ್ಲಿದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,480 ಮೀಟರ್ ಸಾಗುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ತಳದ ಆಳ ಸಿಗುತ್ತದೆ. ಅದೇ ದೋಣಿಗೆ ಪಕ್ಕದ ತಳವನ್ನೂ ಚಿತ್ರಿಸುವ ಸೋನಾರ್ ಕಟ್ಟಿದರೆ ಗೋಡೆ, ಕಟ್ಟೆ, ರಸ್ತೆಯ ಗುರುತೂ ಸಿಗಬಹುದು. ಕೆಸರು ನೀರು ಇದಕ್ಕೆ ಅಡ್ಡಿಯಲ್ಲ. ಯಾರೂ ಮುಳುಗಬೇಕಿಲ್ಲ. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಹಳೆಯ ಗ್ರಾಮ ನಕ್ಷೆ, ಅಂಥ ರೈಲು ದಾರಿಯ ನಕ್ಷೆ, ಸೋನಾರ್ ಚಿತ್ರ, ಹಿರಿಯರು ಹೇಳಿದ್ದು ಎಲ್ಲವನ್ನೂ ಒಂದರ ಮೇಲೊಂದು ಇಟ್ಟರೆ ಮುಳುಗಿದ ಸೀಮೆಯ ಪೂರ್ತಿ ನಕ್ಷೆ ತಯಾರಾಗುತ್ತದೆ. ಅಣೆಕಟ್ಟೆಯ ಪಕ್ಕದ ಶಂಕರಘಟ್ಟದಲ್ಲೇ ಕುವೆಂಪು ವಿಶ್ವವಿದ್ಯಾಲಯವಿದೆ. ಸುತ್ತಮುತ್ತ ಎಂಜಿನಿಯರಿಂಗ್ ಕಾಲೇಜುಗಳಿವೆ. ಇತಿಹಾಸ ಓದುವವರೂ ಸರ್ವೆ ಓದುವವರೂ ಒಂದು ದೋಣಿಯಲ್ಲಿ ಕೂತರೆ ಆಗುವ ಕೆಲಸ ಇದು.

ಕೊನೆಯದಾಗಿ ಇಳಿಯುವ ಕೆಲಸ. ಅದಕ್ಕೆ ಮೊದಲು ತರಬೇತಿ ಕೊಡಬೇಕಾದದ್ದು ಮುಳುಗಡೆ ಕುಟುಂಬಗಳ ಮಕ್ಕಳಿಗೆ, ಮೀನುಗಾರರ ಮಕ್ಕಳಿಗೆ. ಪ್ರವಾಸಿಗರಿಗಿಂತ ಮೊದಲು ಡೈವರ್‌ಗಳು ಬೇಕಾಗಿರುವುದು ನಮಗೇ. ಪ್ರತಿ ಬೇಸಿಗೆ ಕೆರೆ, ನಾಲೆಗೆ ಈಜಲು ಹೋದ ಹುಡುಗರ ಸುದ್ದಿ ಓದುತ್ತೇವೆ. ನನ್ನ ಹೈಸ್ಕೂಲಿನ ಸಹಪಾಠಿಯೊಬ್ಬ ಹಾಗೇ ಹೋದ. ಊರಿನ ಈಜುಗಾರರು ಬರೀ ಹಗ್ಗ, ಪಾತಾಳಗರಡಿ ಹಿಡಿದು ಎರಡು ದಿನ ಹುಡುಕಿದರು. ದಡದಲ್ಲಿ ಕೂತಿದ್ದ ಅವನ ಅಪ್ಪನ ಮುಖ ನನಗೆ ಈಗಲೂ ನೆನಪಿದೆ. ತಾಲ್ಲೂಕಿಗೆ ನಾಲ್ಕು ಜನ ತರಬೇತಾದ ಡೈವರ್‌ಗಳಿದ್ದಿದ್ದರೆ ಆ ಮನೆಯವರು ಅಷ್ಟು ಹೊತ್ತು ಕಾಯಬೇಕಿರಲಿಲ್ಲ. ಅವರೇ ಮುಂದೆ ಪುರಾತತ್ವದ ಕೆಲಸಕ್ಕೂ ನೆರವಾಗಲಿ, ಅರಣ್ಯ ಇಲಾಖೆ ಒಪ್ಪುವ ಜಾಗದಲ್ಲಿ, ಹಕ್ಕಿ ಮರಿ ಮಾಡದ ಕಾಲದಲ್ಲಿ ಪ್ರವಾಸಿಗರನ್ನೂ ಇಳಿಸಲಿ. ಆಗ ತಳದಲ್ಲಿ ಕಾಣುವ ಗೋಡೆ ಯಾರ ಮನೆಯದು ಎಂದು ಹೇಳಬಲ್ಲವರು ಜೊತೆಗಿರುತ್ತಾರೆ.

ಸ್ಪರ್ಧೆಯಲ್ಲಿ ನಮ್ಮ ಐಡಿಯಾ ಗೆಲ್ಲಲಿಲ್ಲ. ಕೊನೆಯ ವಾರ ವಿಷಯ ಬದಲಿಸಿದ್ದಕ್ಕೆ ಅಂಕ ಕಡಿಮೆಯಾಯಿತು. ಬೇಜಾರಿಲ್ಲ. ದಸರಾ ರಜೆಯಲ್ಲಿ ಮತ್ತೆ ಅಜ್ಜಿಯ ಮನೆಗೆ ಹೋಗಿದ್ದೆ, ಈ ಸಲ ರೂಮ್‌ಮೇಟ್ ಕೂಡ ಬಂದಿದ್ದ. ಡ್ರಾಯಿಂಗ್ ಹಾಳೆಯ ಮೇಲೆ ಅಜ್ಜಿ ಹೇಳಿದಂತೆ ಊರು ಬರೆಯುತ್ತಾ ಹೋದೆವು. ಇಪ್ಪತ್ತಮೂರು ಮನೆ, ಒಂದು ಗುಡಿ, ಒಂದು ಕಣ. ಬಾವಿಯನ್ನು ಗುಡಿಯ ಬಲಕ್ಕೆ ಬರೆದಾಗ ಅಜ್ಜಿ ತಡೆದರು. 'ಅಲ್ಲಲ್ಲ, ಈಚೆಗೆ. ಗುಡಿ ನೆರಳು ಸಂಜೆ ಬಾವಿಕಟ್ಟೆ ಮೇಲೆ ಬೀಳ್ತಿತ್ತು.' ಸಂಜೆಯ ನೆರಳು ಅಂದರೆ ಬಾವಿ ಪೂರ್ವಕ್ಕೆ. ಅಳಿಸಿ ಮತ್ತೆ ಬರೆದೆವು.

ನಿಮ್ಮ ಮನೆಯಲ್ಲೂ ಭದ್ರೆಯೋ ಶರಾವತಿಯೋ ಹೇಮಾವತಿಯೋ ಮುಳುಗಿಸಿದ ಊರಿನಿಂದ ಬಂದ ಹಿರಿಯರು ಇರಬಹುದು. ಈ ದೀಪಾವಳಿಗೆ ಊರಿಗೆ ಹೋದಾಗ ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಅವರ ಪಕ್ಕ ಕೂರಿ. ಬಾವಿ ಎಲ್ಲಿತ್ತು ಎಂದು ಕೇಳಿ.